ಕ್ಲಾಸಿಕ್ 350ಗೆ ಟ್ಯಾನ್ ಸೀಟ್, ಅದಕ್ಕೊಪ್ಪುವ ಬ್ಯಾಗ್: ಕಲಬುರಗಿ ಬಿಸಿಲಿಗೆ ಲೆದರೋ ರೆಕ್ಸಿನೋ?

ಬಿಸಿಲೂರ ಸವಾರ
ಎಲ್ಲರಿಗೂ ನಮಸ್ಕಾರ. ಗಾಡಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕ್, 2022ರದ್ದು, ಬಣ್ಣ ಕಪ್ಪು. ಟ್ಯಾನ್, ಅಂದರೆ ತಿಳಿಗಂದು ಬಣ್ಣದ ಸೀಟ್ ಮಾಡಿಸಬೇಕು ಅಂತಿದ್ದೇನೆ. ಡೈಮಂಡ್ ಹೊಲಿಗೆ, ಜೊತೆಗೆ ಅದೇ ಬಣ್ಣದ ಒಂದು ಸೈಡ್ ಬ್ಯಾಗ್. ಫೋಟೋ ನೋಡಿ ನೋಡಿ ತಲೆಗೆ ಹತ್ತಿಬಿಟ್ಟಿದೆ.

ದಿನದ ಓಡಾಟ ಊರೊಳಗೇ. ಸ್ಟೇಷನ್ ರೋಡ್, ಸೂಪರ್ ಮಾರ್ಕೆಟ್, ರಿಂಗ್ ರೋಡ್, ಇಷ್ಟೇ. ಗಾಡಿ ನಿಲ್ಲುವುದು ಆಫೀಸಿನ ಹೊರಗೆ, ನೆರಳಿಲ್ಲ. ರಜೆ ಬಂದರೆ ಮನೆಯವಳ ಜೊತೆ ಗಾಣಗಾಪುರ, ಇಲ್ಲಾಂದ್ರೆ ಬೀದರ್. ಬೀದರ್ ದಾರಿಯಲ್ಲಿ ಹುಮನಾಬಾದ್ ಬರುವಷ್ಟರಲ್ಲಿ ಕೂತ ಜಾಗ ಮರಗಟ್ಟಿರುತ್ತದೆ. ಹಿಂದೆ ಕೂತವಳ ದೂರು ನನ್ನದಕ್ಕಿಂತ ದೊಡ್ಡದು.

ನಿಜವಾದ ಲೆದರ್ ಹಾಕಿಸಲಾ, ರೆಕ್ಸಿನ್ ಸಾಕಾ? ಆನ್‌ಲೈನ್‌ನಲ್ಲಿ ರೆಡಿ ಸೀಟ್ ತರಿಸಲಾ, ಇಲ್ಲೇ ಕುಶನ್ ಅಂಗಡಿಯಲ್ಲಿ ಮಾಡಿಸಲಾ? ಬ್ಯಾಗ್ ಎಡಕ್ಕೋ ಬಲಕ್ಕೋ? ಮಾಡಿಸಿದವರು ಹೇಳಿ. ಸುಮ್ನೆ ಊಹೆ ಬೇಡ.

ಯಾದಗಿರಿ ಪ್ಯಾಸೆಂಜರ್
ಲೆದರ್ ಬೇಡ. ಯಾಕೆ ಅಂತ ಮೇ ತಿಂಗಳು ಹೇಳುತ್ತದೆ.

ಬಹಮನಿ350
ಯಾಕ್ರಿ ಬೇಡ? ರೆಕ್ಸಿನ್ ಏನು ಫ್ರಿಜ್‌ನಲ್ಲಿಟ್ಟ ಹಾಗೆ ತಣ್ಣಗಿರುತ್ತದಾ? 43 ಡಿಗ್ರಿಯಲ್ಲಿ ಎರಡೂ ಸುಡುತ್ತವೆ. ಅದರಲ್ಲೂ ಕಪ್ಪು ಜಾಸ್ತಿ ಸುಡುತ್ತದೆ. ಟ್ಯಾನ್ ಸ್ವಲ್ಪ ತಿಳಿ ಬಣ್ಣ, ಅಷ್ಟು ಲಾಭ ಇದೆ. ರೆಕ್ಸಿನ್ ಬೆವರು ಹೀರಲ್ಲ, ಪ್ಯಾಂಟ್ ಅಂಟಿಕೊಳ್ಳುತ್ತದೆ. ಒಳ್ಳೆ ಲೆದರ್‌ನಲ್ಲಿ ಆ ಕಾಟ ಕಡಿಮೆ. ನಾನು ಲೆದರ್ ಪಾರ್ಟಿ.

ತೊಗರಿ ಕಣಜ
ಎರಡೂ ಬೇಡ. ಸೊಲ್ಲಾಪುರ ಚಾದರ ಮಡಚಿ ಹಾಸ್ಕೊಳ್ಳಿ. ಬಣ್ಣ ಬೇಕಾದ್ದು ಸಿಗುತ್ತದೆ, ರಾತ್ರಿ ಹೊದ್ಕೊಳ್ಳೋಕೂ ಆಯ್ತು.

ಕುಶನ್ ಮಾಸ್ತರ
ಸವಾರ ಅವರೇ, ನಮ್ಮದು ಸೀಟ್ ಕೆಲಸವೇ. ಅಂಗಡಿ ಹೆಸರು ಹೇಳಲ್ಲ, ಜಾಹೀರಾತು ಅಂತ ಎಲ್ಲರೂ ಮೇಲೆ ಬೀಳುತ್ತೀರಿ.

ಬಂದವರು ಮೊದಲು ಕೇಳುವುದು ಬಣ್ಣ, ಆಮೇಲೆ ಹೊಲಿಗೆ. ಫೋಮ್ ಬಗ್ಗೆ ಯಾರೂ ಬಾಯಿ ಬಿಡಲ್ಲ. ನೀವು ಮರಗಟ್ಟುತ್ತದೆ ಅಂದಿರಲ್ಲ, ಅದು ಮೇಲಿನ ಹೊದಿಕೆ ಬದಲಿಸಿದರೆ ಹೋಗುವ ಕಾಯಿಲೆ ಅಲ್ಲ. ಎಷ್ಟೇ ಬೆಲೆಯ ಲೆದರ್ ಹಾಕಿಸಿ, ಒಳಗೆ ಅದೇ ಫೋಮ್ ಇದ್ದರೆ ಹುಮನಾಬಾದ್‌ನಲ್ಲಿ ಅದೇ ಕಥೆ.

ಮೆತ್ತಗಿದ್ದರೆ ಒಳ್ಳೆಯದು ಅಂತ ಎಲ್ಲರ ನಂಬಿಕೆ. ಹೆಬ್ಬೆರಳಿಂದ ಒತ್ತಿ ನೋಡುತ್ತಾರೆ, ಒಳಗೆ ಹೋಯ್ತು ಅಂತ ಖುಷಿ ಪಡುತ್ತಾರೆ. ಆದರೆ ಮೆತ್ತನೆ ಫೋಮ್ ಮೇಲೆ ಅರ್ಧ ಗಂಟೆ ಕೂತರೆ ಅದು ಪೂರ್ತಿ ಕುಸಿಯುತ್ತದೆ. ಆಮೇಲೆ ನೀವು ಕೂತಿರುವುದು ಫೋಮ್ ಮೇಲಲ್ಲ, ಪ್ಯಾನ್ ಮೇಲೆ, ಅಂದರೆ ಸೀಟಿನ ತಳದ ಗಟ್ಟಿ ತಟ್ಟೆ ಮೇಲೆ. ಕೂತಾಗ ಭಾರ ಬೀಳುವುದು ಹಿಂದಿನ ಎರಡು ಎಲುಬಿನ ಮೇಲೆ. ಆ ಜಾಗಕ್ಕೆ ಗಟ್ಟಿ ಆಧಾರ ಬೇಕು.

ನಾನು ತಳಕ್ಕೆ ರೀಬಾಂಡೆಡ್ ಫೋಮ್ ಹಾಕುತ್ತೇನೆ. ಚೂರು ಒತ್ತಿ ಮಾಡಿದ್ದು, ಬಣ್ಣ ಬಣ್ಣದ ಚುಕ್ಕೆ ಇರುತ್ತಲ್ಲ, ಅದು. ಅದರ ಮೇಲೆ 40 ಡೆನ್ಸಿಟಿ ಪಿಯು (ಪಾಲಿಯುರಿಥೇನ್) ಫೋಮ್. ಅಂದರೆ ಒಂದು ಘನ ಮೀಟರ್‌ಗೆ 40 ಕೆಜಿ ತೂಗುವ ಮಾಲು. ಅಗ್ಗದ ಮಾಲು ಬೇಗ ಕುಗ್ಗುತ್ತದೆ, ಇದು ಬಾಳುತ್ತದೆ. ಎಲ್ಲಕ್ಕಿಂತ ಮೇಲೆ ತೆಳ್ಳಗೆ ಒಂದು ಮೆತ್ತನೆ ಪದರ, ಡೈಮಂಡ್ ಉಬ್ಬಿ ಕಾಣಲಿ ಅಂತ.

ಅಳತೆ ಹೀಗೆ ತಗೋತೇನೆ. ಹಳೇ ಕವರ್‌ನ ಸ್ಟೇಪಲ್ ಪಿನ್ ಒಂದೊಂದಾಗಿ ಸ್ಕ್ರೂಡ್ರೈವರ್‌ನಲ್ಲಿ ಎಬ್ಬಿಸಿ, ಬರೀ ಫೋಮ್ ಗಾಡಿ ಮೇಲೆ ಕೂರಿಸುತ್ತೇನೆ. ಗಿರಾಕಿ ಕೂರಬೇಕು, ಹ್ಯಾಂಡಲ್ ಹಿಡಿಯಬೇಕು, ಕಾಲು ಫುಟ್‌ರೆಸ್ಟ್ ಮೇಲಿರಬೇಕು. ಎದ್ದಾಗ ಗುಂಡಿ ಬಿದ್ದ ಜಾಗಕ್ಕೆ ಚಾಕ್‌ಪೀಸ್ ಗುರುತು. ಮುಂದಕ್ಕೆ ಜಾರುತ್ತಿದ್ದಾರಾ ಅಂತ ಪಕ್ಕದಿಂದ ನೋಡುತ್ತೇನೆ. ಸೀಟ್ ಟ್ಯಾಂಕ್ ಕಡೆಗೆ ಇಳಿಜಾರಾಗಿದ್ದರೆ ನೀವು ಗೊತ್ತಿಲ್ಲದೆ ಇಡೀ ದಾರಿ ಕೈಯಿಂದ ಹಿಂದಕ್ಕೆ ತಳ್ಳುತ್ತಿರುತ್ತೀರಿ. ಭುಜ ನೋಯುವುದು ಅದಕ್ಕೇ.

ಬಹಮನಿ350
ಮಾಸ್ತರೇ, ಭಾಳ ಚೆನ್ನಾಗಿ ಹೇಳಿದ್ರಿ. ಮೆಮೊರಿ ಫೋಮ್ ಹಾಕಿಸಿದರೆ? ಇಲ್ಲಾ ಜೆಲ್ ಪ್ಯಾಡ್?

ಕುಶನ್ ಮಾಸ್ತರ
ಮೆಮೊರಿ ಫೋಮ್ ಬಿಸಿಗೆ ಇನ್ನೂ ಮೆತ್ತಗಾಗುತ್ತದೆ. ಅದರ ಗುಣವೇ ಅದು. ಎ.ಸಿ. ರೂಮಿನ ಹಾಸಿಗೆಗೆ ಸರಿ. ನಮ್ಮೂರಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಕೂತರೆ ಸೀದಾ ತಳಕ್ಕೆ. ಜೆಲ್ ಶಾಖ ಹಿಡಿದಿಟ್ಟುಕೊಳ್ಳುತ್ತದೆ. ನೆರಳಿಲ್ಲದ ಕಡೆ ನಿಲ್ಲಿಸುತ್ತೇನೆ ಅಂದಿದ್ದಾರಲ್ಲ, ಇವರಿಗಂತೂ ಬೇಡವೇ ಬೇಡ. ಕವರ್ ತಣ್ಣಗಾದರೂ ಒಳಗಿನ ಜೆಲ್ ಬೇಗ ತಣಿಯಲ್ಲ.

ಡೆಲಿವರಿ ದೊರೆ
ದಿನಾ ಎಂಟು ಹತ್ತು ಗಂಟೆ ಗಾಡಿ ಮೇಲಿರುವವನು ನಾನು. ಸ್ಪ್ಲೆಂಡರ್. 400 ರೂಪಾಯಿ ಆಸುಪಾಸಿಗೆ ಜಾಳಿಗೆ ತರಹದ ಏರ್ ಮೆಶ್ ಕವರ್ ಸಿಗುತ್ತದೆ. ಕೆಳಗೆ ಗಾಳಿ ಆಡುತ್ತದೆ, ಬೆವರು ನಿಲ್ಲಲ್ಲ, ಸುಡಲ್ಲ. ಮಳೆಯಲ್ಲಿ ನೆಂದರೆ ಬಿಚ್ಚಿ ಒದರಿದರೆ ಮುಗೀತು. ಟ್ಯಾನ್, ಡೈಮಂಡ್ ಎಲ್ಲಾ ದೊಡ್ಡವರ ಶೋಕಿ.

ಬಹಮನಿ350
ಸಾವಿರಾರು ಖರ್ಚು ಮಾಡಿ ಸೀಟ್ ಹೊಲಿಸಿ, ಅದರ ಮೇಲೆ 400 ರೂಪಾಯಿ ಜಾಳಿಗೆ ಮುಚ್ಚುವುದಾ? ಬಿಡ್ರಿ.

ಡೆಲಿವರಿ ದೊರೆ
ಸೋಫಾ ಮೇಲೆ ಬೆಡ್‌ಶೀಟ್ ಹಾಕುವ ಊರು ಅಣ್ಣಾ ನಮ್ಮದು.

ಬಿಸಿಲೂರ ಸವಾರ
😂 ನಮ್ಮನೇಲೂ ಹಾಕಿದ್ದಾರೆ. ಮಾಸ್ತರೇ, ಫೋಮ್ ಮಾತು ತಲೆಗೆ ಹೋಯ್ತು. ಆದರೂ ಹೊದಿಕೆ ಯಾವುದು ಅಂತ ಹೇಳಲೇ ಇಲ್ಲ ನೀವು.

ಕುಶನ್ ಮಾಸ್ತರ
ನನ್ನ ಕೇಳಿದರೆ ಸೀಟಿಗೆ ಒಳ್ಳೆ ರೆಕ್ಸಿನ್, ಬ್ಯಾಗಿಗೆ ಲೆದರ್. ಅಗ್ಗದ ರೆಕ್ಸಿನ್ ಅಲ್ಲ. ಅದರಲ್ಲಿ ಮೆತ್ತಗಿಡುವ ಎಣ್ಣೆಯಂಥ ಅಂಶ ಇರುತ್ತದೆ. ಬಿಸಿಲಿಗೆ ಅದು ಹಾರಿಹೋಗುತ್ತಾ ಹೋಗುತ್ತಾ ಹೊದಿಕೆ ಬಿರುಸಾಗಿ ಸೀಳುತ್ತದೆ. ಕಾರ್ ಸೀಟಿಗೆ, ಬೋಟಿಗೆ ಅಂತ ಬರುವ ದಪ್ಪ ಮಾಲು ಕೇಳಿ, ಯುವಿ ತಡೆಯುವಂಥದ್ದು. ಹಿಂದೆ ಹೆಣೆದ ಬಟ್ಟೆ ಇರುತ್ತದೆ, ನಾಲ್ಕೂ ಕಡೆ ಸ್ವಲ್ಪ ಎಳೆಯಲು ಬರುತ್ತದೆ. ಮೂಲೆಯಲ್ಲಿ ಸುಕ್ಕು ಬೀಳಲ್ಲ.

ಲೆದರ್ ಸೀಟಿನ ತೊಂದರೆ ಬಿಸಿಲಿಗಿಂತ ಮಳೆ. ಹೊಲಿಗೆಯ ಒಂದೊಂದು ತೂತಿನಲ್ಲೂ ನೀರು ಇಳಿಯುತ್ತದೆ. ಡೈಮಂಡ್ ಹೊಲಿಗೆ ಅಂದರೆ ಕೂರುವ ಜಾಗದ ತುಂಬಾ ತೂತು. ಒಳಗೆ ಫೋಮ್ ನೀರು ಕುಡಿದುಬಿಟ್ಟರೆ ಮೇಲೆ ಒಣಗಿದ ಹಾಗೆ ಕಂಡರೂ ಕೂತಾಗ ಪ್ಯಾಂಟ್ ಒದ್ದೆ. ಡೈಮಂಡ್ ಬೇಕೇ ಬೇಕು ಅಂದರೆ ಕವರ್‌ಗೂ ಫೋಮ್‌ಗೂ ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಹಾಕಿಸಿ. ಕೆಲವರು ಹಾಕದೆಯೇ ಹಾಕಿದ್ದೇವೆ ಅನ್ನುತ್ತಾರೆ. ಎದುರಿಗೆ ನಿಂತು ಹಾಕಿಸಿಕೊಳ್ಳಿ.

ದಾರ ಕೂಡ ಕೇಳಿ. ಹತ್ತಿ ದಾರ ಕೊಳೆಯುತ್ತದೆ. ನೈಲಾನ್ ಗಟ್ಟಿ, ಆದರೆ ಬಿಸಿಲಿಗೆ ಸೋಲುತ್ತದೆ. ಬಿಸಿಲಲ್ಲಿ ನಿಲ್ಲುವ ಗಾಡಿಗೆ ಪಾಲಿಯೆಸ್ಟರ್ ದಾರವೇ ಸರಿ.

ಚಿತ್ತಾಪುರ ಚಿತ್ತ
ಆನ್‌ಲೈನ್ ಸೀಟ್ ಬಗ್ಗೆ ನನ್ನ ಅನುಭವ. "ಅಪ್ಪಟ ಲೆದರ್" ಅಂತ ಬರೆದಿದ್ದರು. ಬಂದಾಗ ಘಮಘಮ ವಾಸನೆ, ನೋಡೋಕೂ ಅಂದ. ಒಂದು ಬೇಸಿಗೆ ದಾಟುವಷ್ಟರಲ್ಲಿ ಮೇಲ್ಪದರ ಹಪ್ಪಳ ಹಪ್ಪಳವಾಗಿ ಎದ್ದು, ಕೆಳಗೆ ಬೂದು ಬಣ್ಣದ ಬಟ್ಟೆ ಕಾಣಿಸಿತು. ಪ್ಯಾಂಟಿಗೆ ಕಂದು ಚೂರು ಅಂಟುತ್ತಿತ್ತು. ಫೋನ್ ಮಾಡಿದರೆ "ಬಿಸಿಲಲ್ಲಿ ಇಡಬೇಡಿ" ಅಂದರು. ಕಲಬುರಗಿ ಜಿಲ್ಲೆಯಲ್ಲಿ ಇದ್ದುಕೊಂಡು ಬಿಸಿಲಲ್ಲಿ ಇಡಬಾರದಂತೆ!

ಯಾದಗಿರಿ ಪ್ಯಾಸೆಂಜರ್
ಬೆಂಕಿ ಕಡ್ಡಿ ಗೀರಿ ಸುಟ್ಟು ನೋಡಬೇಕು. ಲೆದರ್ ಆದರೆ ಕೂದಲು ಸುಟ್ಟ ವಾಸನೆ, ಪ್ಲಾಸ್ಟಿಕ್ ಆದರೆ ಕರಗುತ್ತದೆ.

ಚಕ್ಕಳ ಚೀಲ
ಪ್ಯಾಸೆಂಜರ್ ಸಾಹೇಬ್ರೇ, ಅಂಗಡಿಯಲ್ಲಿ ಕಡ್ಡಿ ಗೀರಿದರೆ ಮೊದಲು ನಿಮ್ಮನ್ನ ಆಚೆ ಹಾಕುತ್ತಾರೆ. ಅಷ್ಟೆಲ್ಲ ಬೇಡ. ಕತ್ತರಿಸಿದ ಅಂಚು ನೋಡಿ. ನಿಜವಾದ ತೊಗಲಿಗೆ ಅಂಚಿನಲ್ಲಿ ಎಳೆ ಎಳೆ ನಾರು ಕಾಣುತ್ತದೆ, ಹಿಂಬದಿ ಮಖಮಲ್ಲಿನಂತಿರುತ್ತದೆ. ಹಿಂದೆ ನೇಯ್ದ ಬಟ್ಟೆ ಕಂಡರೆ ಅದು ರೆಕ್ಸಿನ್, ಇಲ್ಲಾ ಬಾಂಡೆಡ್ ಲೆದರ್. ಬಾಂಡೆಡ್ ಅಂದರೆ ತೊಗಲಿನ ಚೂರು ಪುಡಿ ಮಾಡಿ ಅಂಟು ಹಾಕಿ ಮೇಲೆ ಪ್ಲಾಸ್ಟಿಕ್ ಬಳಿದದ್ದು. ಚಿತ್ತಾಪುರದವರಿಗೆ ಬಂದಿದ್ದು ಅದೇ ಇರಬೇಕು.

ನಾನು ಹವ್ಯಾಸಕ್ಕೆ ಬೆಲ್ಟು, ಬ್ಯಾಗು ಕೈಯಲ್ಲೇ ಹೊಲಿಯುತ್ತೇನೆ. ಸವಾರ ಅವರು "ಅದೇ ಬಣ್ಣದ ಬ್ಯಾಗ್" ಅಂದಿದ್ದಾರಲ್ಲ, ಅಲ್ಲೇ ಎಲ್ಲರೂ ಸಿಕ್ಕಿಬೀಳುವುದು. ಸೀಟಿಗೆ ಬೇಕಾದ ಲೆದರ್ ಬೇರೆ, ಬ್ಯಾಗಿಗೆ ಬೇಕಾದದ್ದು ಬೇರೆ. ಸೀಟಿಗೆ ತೆಳ್ಳಗಿನದು ಬೇಕು, 1.2 ಮಿಲಿಮೀಟರ್ ಸುಮಾರು, ಮೆತ್ತಗೆ, ಕ್ರೋಮ್‌ನಲ್ಲಿ ಹದ ಮಾಡಿದ್ದು. ಮೂಲೆಯಲ್ಲಿ ಎಳೆದರೆ ಬರಬೇಕು. ಬ್ಯಾಗಿಗೆ ಅದನ್ನು ಹಾಕಿದರೆ ಚೀಲ ಜೋತುಬೀಳುತ್ತದೆ. ಬ್ಯಾಗಿಗೆ ದಪ್ಪ ಬೇಕು, 2.5ರಿಂದ 3 ಮಿಲಿಮೀಟರ್, ಮರದ ತೊಗಟೆಯ ರಸದಲ್ಲಿ ಹದ ಮಾಡಿದ ಗಟ್ಟಿ ತೊಗಲು. ಈ ಎರಡೂ ಬಣ್ಣ ಕುಡಿಯುವ ರೀತಿಯೇ ಬೇರೆ. ಅಂಗಡಿಯಲ್ಲಿ ಒಂದೇ ಟ್ಯಾನ್ ಅಂತ ಕಂಡದ್ದು ಆರು ತಿಂಗಳಿಗೆ ಎರಡು ಟ್ಯಾನ್ ಆಗಿರುತ್ತದೆ. ಗಿಡದ ಹದದ್ದು ಬಿಸಿಲಿಗೆ ಕಪ್ಪೇರುತ್ತದೆ, ಸೀಟಿನದು ಉಜ್ಜಿ ಉಜ್ಜಿ ಮಾಸುತ್ತದೆ.

ಹಾಗಾಗಿ ಪೂರ್ತಿ ಹೊಂದಿಸಲು ಹೋಗಬೇಡಿ. ಬ್ಯಾಗನ್ನು ಬೇಕಂತಲೇ ಒಂದು ಛಾಯೆ ಗಾಢ ಮಾಡಿಸಿ. ಹೊಂದಾಣಿಕೆ ಬೇರೆ ಕಡೆ ತನ್ನಿ. ದಾರ ಒಂದೇ ಬಣ್ಣ, ಹೊಲಿಗೆ ಅಂತರ ಒಂದೇ, ಸೀಟಿನ ಪೈಪಿಂಗ್ (ಅಂಚಿನ ಹೊಲಿಗೆಯಲ್ಲಿ ಕೂರಿಸುವ ಉರುಟು ಪಟ್ಟಿ) ಯಾವ ಬಣ್ಣವೋ ಬ್ಯಾಗಿನ ಅಂಚೂ ಅದೇ. ನೋಡಿದವರಿಗೆ ಜೋಡಿ ಅನ್ನಿಸುವುದು ಅದರಿಂದ. ದಾರ ದಪ್ಪ ಇರಲಿ, ಹೊಲಿಗೆ ತೀರಾ ಒತ್ತೊತ್ತಾಗಿ ಹಾಕಿಸಬೇಡಿ. ತೂತು ಹತ್ತಿರ ಹತ್ತಿರ ಬಿದ್ದರೆ ಎಳೆದಾಗ ಆ ಸಾಲಿಗೇ ಹರಿಯುತ್ತದೆ. ನಾಲ್ಕೈದು ಮಿಲಿಮೀಟರ್ ಅಂತರ ಇರಲಿ.

ಬಿಸಿಲೂರ ಸವಾರ
ಅಯ್ಯೋ, ಇಷ್ಟೊಂದು ಇದೆಯಾ ಇದರಲ್ಲಿ! ದಾರದ ಐಡಿಯಾ ಹಿಡಿಸಿತು.

ಹಿಂದಿನ ಸೀಟಿನ ಅಕ್ಕ
ಎಲ್ಲಾ ಗಂಡಸರೇ ಮಾತಾಡುತ್ತಿದ್ದೀರಿ. ಹಿಂದೆ ಕೂರುವವಳ ದೂರು ದೊಡ್ಡದು ಅಂತ ತಮ್ಮ ಬರೆದಿದ್ದಾನೆ, ಅದರ ಬಗ್ಗೆ ಒಬ್ಬರೂ ಸೊಲ್ಲೆತ್ತಿಲ್ಲ.

ಆ ಗಾಡಿಯ ಹಿಂದಿನ ಸೀಟ್ ಬೇರೆಯೇ ತುಂಡು, ಚಿಕ್ಕದು. ಸೀರೆ ಉಟ್ಟು ಒಂದೇ ಕಡೆ ಕೂತರೆ ಅಂಚು ತೊಡೆಗೆ ಒತ್ತುತ್ತದೆ. ಲೆದರ್ ಹೊಸದರಲ್ಲಿ ನುಣ್ಣಗಿರುತ್ತದೆ. ಬ್ರೇಕ್ ಹಾಕಿದಾಗಲೆಲ್ಲ ಮುಂದಕ್ಕೆ ಜಾರಿ ಗಂಡನ ಬೆನ್ನಿಗೆ ಡಿಕ್ಕಿ. "ಸರಿಯಾಗಿ ಕೂತ್ಕೋ" ಅಂತ ಬೈಗುಳ ಬೇರೆ. ಹಿಂದಿನ ಸೀಟ್ ಸಮತಟ್ಟಾಗಿರಲಿ, ಒಂದೆರಡು ಇಂಚು ಅಗಲ ಜಾಸ್ತಿ ಇರಲಿ, ಎಡಗಡೆ ಅಂಚು ಉರುಟಾಗಿರಲಿ. ಕೂರುವ ಜಾಗದ ಹೊದಿಕೆ ಸ್ವಲ್ಪ ತರಿತರಿ ಇದ್ದರೆ ಜಾರಲ್ಲ. ಹಿಡಿ ಬಿಚ್ಚಿಸಿ ಅಂದಗಾಣಿಸಲು ಹೋಗಬೇಡಪ್ಪಾ. ನಿಮಗೆ ಹ್ಯಾಂಡಲ್ ಇದೆ. ನಮಗೆ ಇರುವುದು ಅದೊಂದೇ.

ಇನ್ನೊಂದು. ಬ್ಯಾಗ್ ಎಡಗಡೆ ಹಾಕಿದರೆ ನನ್ನ ಕಾಲು ಎಲ್ಲಿಡಲಿ?

ಬಹಮನಿ350
ಅಕ್ಕಾ, ಆ ಕೊನೆ ಪ್ರಶ್ನೆಗೆ ಇಲ್ಲಿ ಯಾರ ಹತ್ತಿರವೂ ಉತ್ತರ ಇರಲಿಕ್ಕಿಲ್ಲ.

ವೆಲ್ಡಿಂಗ್ ವೀರ
ಇದೆ. ಆದರೆ ಸುಲಭ ಅಲ್ಲ. ಎಡಗಡೆ ಸೀರೆ ಗಾರ್ಡ್, ಒಂದೇ ಕಡೆ ಕೂರುವವರ ಕಾಲು. ಬಲಗಡೆ ಸೈಲೆನ್ಸರ್. ಬ್ಯಾಗ್ ಎಲ್ಲಿ ಹಾಕಿದರೂ ಯಾರಿಗಾದರೂ ತೊಂದರೆ.

ಬಲಗಡೆ ಹಾಕುವುದಾದರೆ ಸ್ಟೇ, ಅಂದರೆ ಬ್ಯಾಗಿಗೆ ಆಸರೆ ಕೊಡುವ ಚೌಕಟ್ಟು, ಕಡ್ಡಾಯ. ಬರೀ ಬೆಲ್ಟಿನಲ್ಲಿ ಸೀಟ್ ಕೆಳಗಿಂದ ನೇತುಹಾಕಬೇಡಿ. ಭಾರ ಬಿದ್ದಾಗ ಒಳಕ್ಕೆ ವಾಲುತ್ತದೆ, ಶಾಕ್ ಅಬ್ಸಾರ್ಬರ್‌ಗೆ ಉಜ್ಜುತ್ತದೆ, ಇನ್ನೂ ಕೆಟ್ಟದ್ದು ಚಕ್ರಕ್ಕೆ ಸಿಗಬಹುದು. ಪೈಪ್ ಬಗ್ಗಿಸಿ ಒಂದು ಚೌಕಟ್ಟು ಮಾಡಿಸಿ, ಮೇಲೆ ಫೆಂಡರ್ (ಮಡ್‌ಗಾರ್ಡ್) ಬೋಲ್ಟಿಗೆ, ಕೆಳಗೆ ಇನ್ನೊಂದು ಕಡೆ ಕಟ್ಟಬೇಕು. ಒಂದೇ ಕಡೆ ಕಟ್ಟಿದರೆ ಅಲುಗಾಡಿ ಬೆಸುಗೆ ಬಿಡುತ್ತದೆ. ಫ್ರೇಮಿಗೆ ಮಾತ್ರ ಯಾರಿಗೂ ವೆಲ್ಡಿಂಗ್ ಮಾಡಲು ಬಿಡಬೇಡಿ. ಬೋಲ್ಟ್ ಅಷ್ಟೇ. ಬ್ಯಾಗಿನ ತಳಕ್ಕೂ ಸೈಲೆನ್ಸರ್‌ಗೂ ಕೈ ಆಡುವಷ್ಟು ಅಂತರ ಬಿಡಿ. ಇಬ್ಬರು ಕೂತು ಗುಂಡಿಗೆ ಇಳಿಸಿದಾಗಲೂ ಆ ಅಂತರ ಉಳಿಯಬೇಕು. ಗಾಡಿ ಸ್ಟ್ಯಾಂಡ್ ಹಾಕಿ ಅಳೆದರೆ ಲೆಕ್ಕ ತಪ್ಪುತ್ತದೆ, ಇಬ್ಬರನ್ನು ಕೂರಿಸಿಯೇ ಅಳೆಯಿರಿ.

ಇಂಡಿಕೇಟರ್ ಮುಚ್ಚದ ಹಾಗೆ ನೋಡಿಕೊಳ್ಳಿ. ಹಿಂದಿನಿಂದ ಬರುವ ಲಾರಿಯವನಿಗೆ ನಿಮ್ಮ ಬ್ಯಾಗಿನ ಅಂದ ಬೇಕಿಲ್ಲ.

ಕೋರ್ಟ್ ರೋಡ್ ಕರಿಕೋಟು
ಕಾನೂನಿನ ಮಾತು ಯಾರೂ ಎತ್ತಿಲ್ಲ.

ಯಾದಗಿರಿ ಪ್ಯಾಸೆಂಜರ್
ಬಂದರು ವಕೀಲರು. ಸೀಟ್ ಬದಲಿಸಿದರೆ 5,000 ದಂಡ ಅಂತ ನನ್ನ ಭಾವ ಹೇಳುತ್ತಿದ್ದ.

ಕೋರ್ಟ್ ರೋಡ್ ಕರಿಕೋಟು
ಭಾವ ಅರ್ಧ ಹೇಳಿದ್ದಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಆರ್.ಸಿ.ಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿ ಮಾರ್ಪಡಿಸಬಾರದು. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಂನಲ್ಲಿ ಒಂದೊಂದು ಮಾರ್ಪಾಡಿಗೆ 5,000 ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಆದರೆ ಸೀಟಿನ ಬಣ್ಣ, ಹೊಲಿಗೆ ಆರ್.ಸಿ.ಯಲ್ಲಿ ಇರಲ್ಲ. ಎಷ್ಟು ಜನ ಕೂರಬಹುದು ಅಂತ ಇರುತ್ತದೆ. ಹಿಂದಿನ ಸೀಟ್ ಕಿತ್ತು ಸಿಂಗಲ್ ಸೀಟ್ ಮಾಡಿ, ಆಮೇಲೆ ಫೆಂಡರ್ ಮೇಲೆ ಗೆಳೆಯನನ್ನು ಕೂರಿಸಿಕೊಂಡು ಓಡಾಡಿದರೆ ತೊಂದರೆ ಖಂಡಿತ. 128ನೇ ಕಲಂ ಪ್ರಕಾರ ಹಿಂದಿನವರಿಗೆ ಗಟ್ಟಿಯಾಗಿ ಕಟ್ಟಿದ ಸರಿಯಾದ ಸೀಟ್ ಇರಲೇಬೇಕು.

ಅಕ್ಕ ಹೇಳಿದ ಹಿಡಿಯ ವಿಷಯ ಬರೀ ಅನುಕೂಲದ್ದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೇ ನಿಯಮ ಇದೆ. ಹಿಂದಿನವರಿಗೆ ಹಿಡಿ, ಕಾಲಿಡಲು ಫುಟ್‌ರೆಸ್ಟ್, ಬಟ್ಟೆ ಚಕ್ರಕ್ಕೆ ಸಿಗದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆ ಇಲ್ಲದಷ್ಟು ತಡೆ ಇರಬೇಕು. ಬ್ಯಾಗಿಗೆ ಜಾಗ ಬೇಕು ಅಂತ ಸೀರೆ ಗಾರ್ಡ್ ಬಿಚ್ಚುವವರಿಗೆ ಇದು ಗೊತ್ತಿರಲ್ಲ. 2020ರಲ್ಲಿ ಇದೇ ನಿಯಮಕ್ಕೆ ಡಬ್ಬಿಯ ಮಾತೂ ಸೇರಿತು. ಹಗುರ ಪೆಟ್ಟಿಗೆ ಕಟ್ಟುವುದಾದರೆ ಉದ್ದ 550, ಅಗಲ 510, ಎತ್ತರ 500 ಮಿಲಿಮೀಟರ್ ಮೀರಬಾರದು. ಹಿಂದಿನವರ ಜಾಗದಲ್ಲಿ ಕಟ್ಟಿದರೆ ಸವಾರ ಒಬ್ಬನೇ ಹೋಗಬೇಕು.

ಡೆಲಿವರಿ ದೊರೆ
ವಕೀಲ ಸಾಹೇಬರೇ, ಫೀ ಎಷ್ಟಾಯ್ತು?

ಕೋರ್ಟ್ ರೋಡ್ ಕರಿಕೋಟು
ಒಂದು ಪ್ಲೇಟ್ ತಹರಿ.

ತೊಗರಿ ಕಣಜ
ತಹರಿ ಅಂದ್ರಲ್ಲ, ಈಗ ಸೀಟೂ ಬೇಡ ಬ್ಯಾಗೂ ಬೇಡ. ಬೆಳಗ್ಗೆ ಎಲ್ಲಿ ಒಳ್ಳೆಯದು ಸಿಗುತ್ತದೆ ಹೇಳಿ. ದರ್ಗಾ ಕಡೆ ಹೋಗಲಾ, ಸ್ಟೇಷನ್ ಕಡೆ ಹೋಗಲಾ?

ಬಹಮನಿ350
ದರ್ಗಾ ಕಡೆ. ಎರಡು ಮಾತಿಲ್ಲ.

ಚಿತ್ತಾಪುರ ಚಿತ್ತ
ಮನೆಯಲ್ಲಿ ಮಾಡಿದ್ದೇ ಸರಿ. ಹೊರಗಿನದು ಎಣ್ಣೆ ಜಾಸ್ತಿ.

ನಿರ್ವಾಹಕ
ತಹರಿಗೆ ಬೇರೆ ಎಳೆ ತೆರೆಯಿರಿ. ನಾನೂ ಬರುತ್ತೇನೆ.

ಬೀದರ್ ಬುಲೆಟ್
ತಡವಾಗಿ ಬಂದೆ. ಒಂದು ಐಡಿಯಾ. ಬ್ಯಾಗ್ ಮುಚ್ಚಳದ ಮೇಲೆ ಚಿಕ್ಕದೊಂದು ಬಿದ್ರಿ ಬಿಲ್ಲೆ ಕೂರಿಸಿದರೆ ಹೇಗೆ? ಕಪ್ಪು ಗಾಡಿ, ಕಪ್ಪು ಬಿಲ್ಲೆ, ಅದರಲ್ಲಿ ಬೆಳ್ಳಿ ಎಳೆ. ಕಂಪನಿ ಬ್ಯಾಡ್ಜ್ ಎಲ್ಲರ ಹತ್ತಿರ ಇರುತ್ತದೆ, ಇದು ಯಾರ ಹತ್ತಿರ ಇರುತ್ತದೆ? 2023ರಲ್ಲಿ ನಮ್ಮ ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಮೇಲೆ ಬೇರೆ ಊರಿನವರೂ ಬಿದ್ರಿ ಕೇಳಿಕೊಂಡು ಬರುತ್ತಿದ್ದಾರೆ. ನಾವು ಪಕ್ಕದಲ್ಲೇ ಇದ್ದು ಹೂಜಿ, ಹೂದಾನಿ ಬಿಟ್ಟರೆ ಬೇರೇನೂ ಯೋಚಿಸಲ್ಲ.

ವೆಲ್ಡಿಂಗ್ ವೀರ
ಚೆನ್ನಾಗಿದೆ, ಆದರೆ ಬಿದ್ರಿ ಸತು ಜಾಸ್ತಿ ಇರುವ ಲೋಹ, ಜೊತೆಗೆ ತಾಮ್ರ. ತೆಳ್ಳಗೆ ಮಾಡಿಸಿ ಅದುರಾಟಕ್ಕೆ ಬಿಟ್ಟರೆ ಬಿರುಕು ಬಿಡುವ ಭಯ. ಮೊಳೆ ಹೊಡೆದು ಬಿಗಿ ಮಾಡಬೇಡಿ. ಹಿಂದೆ ತೊಗಲಿನ ಪದರ ಇಟ್ಟು ಸಡಿಲ ಸ್ಕ್ರೂನಲ್ಲಿ ಕೂರಿಸಬೇಕು.

ಬೀದರ್ ಬುಲೆಟ್
ಹೌದ್ರಿ. ಕಪ್ಪು ಮಾಸಿದರೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಮತ್ತೆ ಮಿಂಚುತ್ತದೆ. ಕೋಟೆ ಮಣ್ಣಿನಲ್ಲಿ ಬಂದ ಕಪ್ಪು ಅದು, ಬಣ್ಣ ಬಳಿದದ್ದಲ್ಲ. ಪಾಲಿಶ್ ಪೇಪರ್ ಮಾತ್ರ ತಾಗಿಸಬೇಡಿ.

ಯಾದಗಿರಿ ಪ್ಯಾಸೆಂಜರ್
ಬೆಳ್ಳಿ ಇರುವ ಬ್ಯಾಗ್ ಬಸ್ ಸ್ಟ್ಯಾಂಡ್ ಹತ್ತಿರ ನಿಲ್ಲಿಸಿ ಚಹಾ ಕುಡಿಯೋಕೆ ಹೋಗ್ತೀರಾ? ವಾಪಸ್ ಬಂದಾಗ ಗಾಡಿ ಇರುತ್ತದೆ, ಬಿಲ್ಲೆ ಇರಲ್ಲ.

ಚಕ್ಕಳ ಚೀಲ
ಬ್ಯಾಗೇ ಇರಲ್ಲ. ಅದಕ್ಕೇ ಬಿಚ್ಚಿ ಒಯ್ಯುವ ಹಾಗೆ ಮಾಡಿಸಿ. ಚೌಕಟ್ಟು ಗಾಡಿಗೆ ಖಾಯಂ, ಬ್ಯಾಗಿನ ಹಿಂದೆ ಎರಡು ಬಕಲ್. ಹೆಗಲಿಗೆ ಹಾಕಿಕೊಳ್ಳಲು ಒಂದು ಪಟ್ಟಿ ಒಳಗೇ ಮಡಚಿಟ್ಟಿರಲಿ. ಆಫೀಸಿನಲ್ಲಿ ಲ್ಯಾಪ್‌ಟಾಪ್ ಬ್ಯಾಗೂ ಅದೇ ಆಗುತ್ತದೆ.

ಇನ್ನೊಂದು ವಿಷಯ, ಧೂಳು. ವಾಡಿ, ಸೇಡಂ ಕಡೆ ಹೋಗುವವರಿಗೆ ಗೊತ್ತು, ಸಿಮೆಂಟ್ ಲಾರಿ ಹಿಂದೆ ಹೋದರೆ ಬಕಲ್ ಸಂದಿಯಲ್ಲೆಲ್ಲ ಪುಡಿ. ಆ ಪುಡಿಯ ಮೇಲೆ ಮಳೆ ಬಿದ್ದರೆ ಲೆದರ್ ಮೇಲೆ ಬಿಳಿ ಕಲೆ ಕೂರುತ್ತದೆ. ಮೊದಲು ಒಣ ಬ್ರಷ್‌ನಲ್ಲಿ ಧೂಳು ಹೊಡೆಯಿರಿ, ಆಮೇಲೆ ಒದ್ದೆ ಬಟ್ಟೆ, ನೆರಳಲ್ಲಿ ಒಣಗಿಸಿ, ಕೊನೆಗೆ ಲೆದರ್ ಕಂಡೀಷನರ್ ತೆಳ್ಳಗೆ. ಬಿಸಿಲಿನಲ್ಲಿ ಒಣಗಿಸಿದರೆ ಕಟಕಟ ಆಗಿಬಿಡುತ್ತದೆ. ಅಡುಗೆ ಎಣ್ಣೆ ಹಚ್ಚುವವರಿದ್ದಾರೆ, ಬೇಡ. ಜಿಡ್ಡಿಗೆ ಇನ್ನಷ್ಟು ಧೂಳು ಕೂರುತ್ತದೆ.

ಹಳೇ ಯೆಜ್ಡಿ ಕಾಕಾ
ಹುಡುಗರು ಭಾಳ ಮಾತಾಡಿದ್ರಿ. ಮೈಸೂರಿನಿಂದ ಯೆಜ್ಡಿ ಬರುತ್ತಿದ್ದ ಕಾಲದಲ್ಲಿ ಸೀಟ್ ಅಂದರೆ ಉದ್ದಕ್ಕೆ ಒಂದೇ ಹಲಗೆ ಹಾಗೆ. ಗಂಡ, ಹೆಂಡತಿ, ನಡುವೆ ಒಂದು ಮಗು, ಟ್ಯಾಂಕ್ ಮೇಲೆ ಇನ್ನೊಂದು. ಅದಕ್ಕೂ ಮೊದಲಿನ ಬುಲೆಟ್‌ನಲ್ಲಿ ಸವಾರನ ಸೀಟಿನ ಕೆಳಗೆ ಸ್ಪ್ರಿಂಗ್ ಇರುತ್ತಿತ್ತು. ಗುಂಡಿಗೆ ಬಿದ್ದರೆ ಕಿರ್ ಅನ್ನುತ್ತಿತ್ತು, ನಮಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಈಗ ಮತ್ತೆ ಸ್ಪ್ರಿಂಗ್ ಸೀಟ್ ಸಿಗುತ್ತದಂತಲ್ಲ, ಸವಾರ ತಮ್ಮಾ, ಅದನ್ನು ಯಾಕೆ ನೋಡಬಾರದು?

ಕುಶನ್ ಮಾಸ್ತರ
ಕಾಕಾ, ಸ್ಪ್ರಿಂಗ್ ಸೀಟ್ ಚೆಂದ, ಆದರೆ ಎತ್ತರ ಏರುತ್ತದೆ. ಈ ಗಾಡಿಯ ಸೀಟ್ ಈಗಲೇ 805 ಮಿಲಿಮೀಟರ್ ಎತ್ತರ, ಗಾಡಿ ತೂಕ 195 ಕೆಜಿ. ಕಾಲು ನೆಲಕ್ಕೆ ಪೂರ್ತಿ ತಾಗದಿದ್ದರೆ ಸಿಗ್ನಲ್‌ನಲ್ಲಿ ಒಂದು ಕಡೆ ವಾಲಿದರೆ ಹಿಡಿಯುವುದು ಕಷ್ಟ. ಸವಾರರ ಎತ್ತರ ಎಷ್ಟೋ ಗೊತ್ತಿಲ್ಲ.

ಬಿಸಿಲೂರ ಸವಾರ
5 ಅಡಿ 5 ಇಂಚು. ಎತ್ತರ ಒಂದಿಂಚೂ ಏರಬಾರದು.

ಕುಶನ್ ಮಾಸ್ತರ
ಹಾಗಾದರೆ ಮುಂದಿನ ತುದಿಯ ಎರಡೂ ಪಕ್ಕ ಸ್ವಲ್ಪ ಕೆತ್ತಿಸಿ. ಎತ್ತರ ಅಷ್ಟೇ ಇದ್ದರೂ ತೊಡೆ ನೇರ ಕೆಳಗಿಳಿಯುತ್ತದೆ, ಕಾಲು ನೆಲಕ್ಕೆ ಹತ್ತಿರವಾಗುತ್ತದೆ. ಮಧ್ಯದ ಫೋಮ್ ಮಾತ್ರ ಕೆತ್ತಿಸಬೇಡಿ. ಎತ್ತರ ಇಳಿಸಿಕೊಡುತ್ತೇವೆ ಅಂತ ಕೆಲವರು ಅಲ್ಲೇ ಕೊರೆಯುತ್ತಾರೆ, ಉಳಿಯುವುದು ಎರಡು ಬೆರಳು ದಪ್ಪ.

ಹಾಗೇ ಕಂಪನಿ ಸೀಟಿಗೆ ಕೈ ಹಾಕಬೇಡಿ. ಹಳೇ ಸೀಟ್ ಬಿಚ್ಚಿಸಿ ಬಿಟ್ಟುಹೋದವರದ್ದು ಗ್ಯಾರೇಜುಗಳಲ್ಲಿ ಬಿದ್ದಿರುತ್ತದೆ. ಅದೇ ಮಾಡೆಲ್‌ದು ಒಂದು ಜೋಡಿ ಹುಡುಕಿ ತನ್ನಿ, ಅದರ ಮೇಲೆ ಮಾಡೋಣ. ನಾಳೆ ಗಾಡಿ ಮಾರುವಾಗ ಒರಿಜಿನಲ್ ಕೂರಿಸಿ ಕೊಡಬಹುದು.

ಬಹಮನಿ350
ಪ್ಯಾನ್ ನೋಡಿ ತಗೊಳ್ಳಿ. ಲಾಕ್ ಕೂರುವ ಕಿವಿ ಮುರಿದದ್ದು ಕೊಡುತ್ತಾರೆ.

ಸುರಪುರ ಸೈಲೆನ್ಸರ್
ಬೆಕ್ಕಿನ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಓಣಿಯ ಬೆಕ್ಕುಗಳಿಗೆ ಹೊಸ ಸೀಟ್ ಅಂದರೆ ಉಗುರು ಮಸೆಯುವ ಕಲ್ಲು. ಹೊಲಿಸಿದ ವಾರಕ್ಕೇ ಗೀರು. ರಾತ್ರಿ ಗೋಣಿಚೀಲ ಮುಚ್ಚಿಡುತ್ತೇನೆ ಈಗ.

ಹಿಂದಿನ ಸೀಟಿನ ಅಕ್ಕ
ಬೆಕ್ಕಲ್ಲ, ನಮ್ಮನೆ ಮುಂದೆ ನಾಯಿ ಮರಿ. ಮೂಲೆ ಹಿಡಿದು ಎಳೆದು ಫೋಮ್ ತಿಂದಿತ್ತು.

ತೊಗರಿ ಕಣಜ
ನಾಯಿಗೂ 40 ಡೆನ್ಸಿಟಿ ಇಷ್ಟ.

ಬಿಸಿಲೂರ ಸವಾರ
ಎಲ್ಲರಿಗೂ ಭಾಳ ಥ್ಯಾಂಕ್ಸ್. ಈಗ ಯೋಚನೆ ಹೀಗಿದೆ. ಹಳೇ ಸೀಟ್ ಜೋಡಿ ಹುಡುಕುತ್ತೇನೆ. ಮುಂದೆ ಕೂರುವ ಜಾಗದಲ್ಲಿ ಸಾದಾ ಟ್ಯಾನ್ ರೆಕ್ಸಿನ್, ಡೈಮಂಡ್ ಹೊಲಿಗೆ ಪಕ್ಕಗಳಲ್ಲಿ ಮಾತ್ರ. ಹಿಂದಿನದು ಅಕ್ಕ ಹೇಳಿದ ಹಾಗೆ ಅಗಲ, ತರಿತರಿ ಹೊದಿಕೆ. ಬ್ಯಾಗ್ ಲೆದರ್‌ನದು, ಒಂದು ಛಾಯೆ ಗಾಢ, ದಾರ ಎರಡಕ್ಕೂ ಒಂದೇ. ಬಲಗಡೆ ಚೌಕಟ್ಟು, ಬಿಚ್ಚಿ ಒಯ್ಯುವಂಥದ್ದು. ಬಿದ್ರಿ ಬಿಲ್ಲೆ ಬಗ್ಗೆ ಮನೆಯಲ್ಲಿ ಕೇಳಿದೆ, "ಬೆಳ್ಳಿ ಗಾಡಿಗಾ, ನನಗಾ?" ಅಂತ ವಾಪಸ್ ಪ್ರಶ್ನೆ ಬಂತು.

ಬಹಮನಿ350
ಅದಕ್ಕೆ ವಕೀಲರು ಏನಂತಾರೆ?

ಕೋರ್ಟ್ ರೋಡ್ ಕರಿಕೋಟು
ಆ ಕೇಸು ನಾನು ತಗೊಳ್ಳಲ್ಲ.

ಚಕ್ಕಳ ಚೀಲ
ಸೀಟಿನ ರೆಕ್ಸಿನ್ ತಂದಾಗ ಒಂದು ತುಂಡು ಜಾಸ್ತಿ ಕತ್ತರಿಸಿಟ್ಟುಕೊಳ್ಳಿ. ಬೆಕ್ಕಿನ ಗೀರಿಗೆ ಬೇಕಾಗುತ್ತದೆ. ಬ್ಯಾಗಿನ ಬಣ್ಣ ಆರಿಸುವಾಗಲೂ ಆ ತುಂಡು ಕೈಯಲ್ಲಿರಲಿ. ಹಗಲಲ್ಲಿ, ಅಂಗಡಿ ಹೊರಗೆ ಬಂದು ಹಿಡಿದು ನೋಡಿ. ಟ್ಯೂಬ್‌ಲೈಟ್ ಕೆಳಗೆ ಎಲ್ಲಾ ಟ್ಯಾನೂ ಒಂದೇ.

ಡೆಲಿವರಿ ದೊರೆ
ಮಾಸ್ತರೇ, ನನ್ನ ಸ್ಪ್ಲೆಂಡರ್‌ಗೆ ಬರೀ ಫೋಮ್ ಬದಲಿಸಿ, ಹಳೇ ಕವರ್ ಹಾಗೇ ಹಾಕಿಕೊಡೋಕೆ ಆಗುತ್ತದಾ? ಕವರ್ ಹರಿದಿಲ್ಲ.

ಕುಶನ್ ಮಾಸ್ತರ
ಆಗುತ್ತದೆ. ಕವರ್ ಬಿಸಿಲಿಗೆ ಬಿರುಸಾಗಿದ್ದರೆ ಎಳೆಯುವಾಗ ಹರಿಯಬಹುದು, ಅದಕ್ಕೆ ಬೆಳಗ್ಗೆ ಬೇಡ, ಮಧ್ಯಾಹ್ನ ಬಿಸಿಲು ಕಾದ ಮೇಲೆ ತನ್ನಿ. ಆಗ ಸ್ವಲ್ಪ ಬಗ್ಗುತ್ತದೆ. ಮೆಶ್ ಕವರ್ ಮನೆಯಲ್ಲೇ ಬಿಟ್ಟು ಬನ್ನಿ.